ಮಸ್ಕತ್ತಿನ ಹುಡುಗರಿಗೆ ಬಿಪಿ ಇರಲಿಲ್ಲ

ಮಸ್ಕತ್ತಿಗೆ ಬಂದ ಮೂರನೆಯ ದಿನ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಕೆಲಸಕ್ಕೆ ಹೋದರೆ ಶಾಲೆಯ ಗೇಟಿಗೆ ಬೀಗ. ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜುಮಾ" ಎಂದ. ಶುಕ್ರವಾರ. ಇಲ್ಲಿ ಅದೇ ರಜೆ. ಒಂದು ದಿನ ಬಿಟ್ಟು ಭಾನುವಾರ ಬಂತು. ಊರಿನ ರೂಢಿಯಂತೆ ಹತ್ತರವರೆಗೆ ಮಲಗಿದೆ. ಗೈರುಹಾಜರಿ ಬಿತ್ತು. ಒಂದೇ ವಾರದಲ್ಲಿ ಎರಡು ಸಲ ದಡ್ಡನಾಗುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಅರಬ್ಬಿಯಲ್ಲಿ 'ಪ' ಇಲ್ಲ. ನಮ್ಮ ಕಡೆಯವರು ಮೊದಲೇ 'ಹ' ನುಂಗಿ ಹರಪನಹಳ್ಳಿಯನ್ನು ಅರಪನಳ್ಳಿ ಎನ್ನುತ್ತೇವೆ. ಹಾಗಾಗಿ ನನ್ನ ಊರು ಇಲ್ಲಿ ಅರಬನಳ್ಳಿಯಾಯಿತು. ರೂವಿ ಎಂಬ ಬಡಾವಣೆಯಲ್ಲಿ ನಾಲ್ವರಿಗೊಂದು ಕೋಣೆ. ಕಿಟಕಿ ತೆರೆದರೆ ಹುಲ್ಲುಕಡ್ಡಿ ಇಲ್ಲದ ಬೋಳು ಗುಡ್ಡ. ಕೂಡ್ಲಿಗಿ ಗುಡ್ಡದಲ್ಲಿ ಕರಡಿಗಳಾದರೂ ಇವೆ. ರೊಟ್ಟಿಯ ಜಾಗದಲ್ಲಿ ಖುಬ್ಜ್, ಮಜ್ಜಿಗೆಯ ಜಾಗದಲ್ಲಿ ಪ್ಯಾಕೆಟ್ಟಿನ ಲಬನ್. ಲಬನ್‌ಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟ ದಿನ ಜೊತೆಯ ಮೂವರೂ ಕೆಮ್ಮುತ್ತ ಹೊರಗೋಡಿದರು. ನಾನೊಬ್ಬನೇ ಕೂತು ಗೆದ್ದವನಂತೆ ಉಂಡೆ.

ಧಾರವಾಡದಲ್ಲಿ ಮನಃಶಾಸ್ತ್ರ ಓದಿದ ನನಗೆ ಆ ಖಾಸಗಿ ಶಾಲೆಯಲ್ಲಿ ಹುಡುಗರ ಕಷ್ಟ ಕೇಳುವ ಸಹಾಯಕನ ಕೆಲಸ. ನನ್ನ ಮೇಲೊಬ್ಬ ಮುದೀರ್, ಅಂದರೆ ವಿಭಾಗದ ಯಜಮಾನ. ಮೊದಲ ಸಭೆಯಲ್ಲಿ ನಾನು ಇಂಗ್ಲಿಷಿನಲ್ಲಿ ಎರಡು ಮಾತಾಡಿ ಕೂತೆ. ಆತ ಎದ್ದು ಅವೇ ಎರಡು ಮಾತನ್ನು, ನನ್ನದೇ ಎಳೆತ, ನನ್ನದೇ ಕತ್ತು ತೂಗುವಿಕೆಯೊಂದಿಗೆ ಒಪ್ಪಿಸಿದ. ಕೋಣೆಯೆಲ್ಲ ನಕ್ಕಿತು. ಬಸ್ ಸ್ಟ್ಯಾಂಡಿನ ಕಂಡಕ್ಟರನಿಂದ ಹಿಡಿದು ಸೋದರಮಾವನ ಕೆಮ್ಮಿನವರೆಗೆ ಎಲ್ಲರನ್ನೂ ಅಣಕಿಸಿ ಬೆಳೆದವನು ನಾನು. ನನ್ನನ್ನು ಅಣಕಿಸಿದವರು ಇರಲಿಲ್ಲ. ಹೊಟ್ಟೆ ಉರಿದದ್ದು ಯಾಕೆಂದರೆ, ಆತ ಚೆನ್ನಾಗಿ ಮಾಡಿದ.

ಆವತ್ತೇ ನಿಶ್ಚಯಿಸಿದೆ: ಇವನನ್ನು ಬಿಡುವುದಿಲ್ಲ.

ನಾನು ಒಂದಿಷ್ಟು ಅರಬ್ಬಿ ಕಲಿಯುವಷ್ಟರಲ್ಲಿ ಅವಕಾಶ ತಾನಾಗಿಯೇ ಬಂತು. ಹುಡುಗರ ಮಾನಸಿಕ ಒತ್ತಡ ಅಳೆಯಲು ಮುದೀರ್ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ತಾನೇ ಅರಬ್ಬಿಗಿಳಿಸಿದ. ಒತ್ತಡಕ್ಕೆ ಅವನು ಹಾಕಿದ ಪದ 'ದಗ್ತ್'. ನಿಘಂಟಿನಲ್ಲಿ ಸರಿಯೇ. ಎಲ್ಲರಿಗೂ ಹಂಚುವ ಮುನ್ನ ಒಬ್ಬಿಬ್ಬರಿಗೆ ಓದಿಸಿ, ಏನು ತಿಳಿಯಿತು ಎಂದು ಕೇಳುವುದು ಈ ಕೆಲಸದ ಪದ್ಧತಿ. ನಾನು ಹತ್ತನೆಯ ತರಗತಿಯ ಸಲೀಮನನ್ನು ಕರೆದೆ. 'ಕಳೆದ ತಿಂಗಳು ಎಷ್ಟು ಸಲ ದಗ್ತ್ ಆಗಿತ್ತು?' ಎಂದು ಓದಿ ಅವನು ನಕ್ಕುಬಿಟ್ಟ. ಅವನ ಮಾತನ್ನು ನಮ್ಮ ಮಾತಿಗೆ ಹಾಕಿದರೆ ಹೀಗೆ:

"ಸರ, ಇದು ನಮ್ಮ ಅಜ್ಜಿಗೆ ಐತ್ರಿ. ಗುಳಿಗಿ ನುಂಗ್ತಾಳ, ಉಪ್ಪು ತಿನ್ನಂಗಿಲ್ಲ. ನಮಗ್ಯಾಕ ಕೇಳ್ತೀರಿ?"

ಬಿಪಿ! ಬೀದಿಯ ಅರಬ್ಬಿಯಲ್ಲಿ ದಗ್ತ್ ಎಂದರೆ ರಕ್ತದೊತ್ತಡ.

"ಮತ್ತ ಪರೀಕ್ಷಿ ಬಂದಾಗ, ಅಪ್ಪ ಬೈದಾಗ ಏನಂತೀಯಪ್ಪ?"

ಅವನು ನಗು ನಿಲ್ಲಿಸಿ ಎದೆ ಮುಟ್ಟಿಕೊಂಡ. "ಸದ್ರಿ ದಾಯಿಗ್." ನನ್ನ ಎದೆ ಇಕ್ಕಟ್ಟಾಗಿದೆ.

ನಾನು ಹೋಗಿ ಮುದೀರನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹಾಳೆಗಳನ್ನು ನಗುನಗುತ್ತ ಹಂಚಿದೆ. ಹೆಚ್ಚುಕಮ್ಮಿ ಎಲ್ಲರೂ 'ಒಮ್ಮೆಯೂ ಇಲ್ಲ' ಎಂದೇ ಗುರುತು ಹಾಕಿದರು. ಮುದೀರ್ ಉಬ್ಬಿದ. ಪೋಷಕರ ಸಭೆಯಲ್ಲಿ ಹೆಮ್ಮೆಯಿಂದ ಓದುತ್ತೇನೆಂದ. ಓದಲಿ, ಆಗಲೇ ಕೆಳಗೆಳೆಯೋಣ ಎಂದು ನಾನು ಕಾದೆ.

ಆದರೆ ಸಭೆಗೆ ವಾರವಿರುವಾಗಲೇ ಆತ, ಒತ್ತಡವೇ ಇಲ್ಲದ ಹುಡುಗರಿಗೆ ಮಾತಿನ ತಾಸು ಯಾತಕ್ಕೆ ಎಂದು, ವಾರಕ್ಕೊಮ್ಮೆ ಅವರು ನನ್ನ ಕೋಣೆಯಲ್ಲಿ ಕೂರುತ್ತಿದ್ದ ಅವಧಿಯನ್ನು ತೆಗೆದು ಗಣಿತದ ಕಿರುಪರೀಕ್ಷೆ ಹಾಕಿದ. ಸಲೀಮ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ನಿಮಗ ಗೊತ್ತಿತ್ತಲ್ರಿ ಸರ?"

ಆ ಸಂಜೆ ಫೋನ್ ಬೂತಿನಿಂದ ಕೊಟ್ಟೂರಿನ ಅಕ್ಕನಿಗೆ ಎಲ್ಲ ಹೇಳಿದೆ.

"ಲೇ ಕೊಟ್ರ, ನಿನ್ನ ಸಿಟ್ಟು ಅವನ ಮ್ಯಾಲ ಐತಿ, ಬಡಿಗಿ ಹುಡುಗ್ರ ಮ್ಯಾಲ ಬಿದ್ದೈತಿ. ಕಣ್ಣು ಎಲ್ಲಿಟ್ಟಿದ್ದಿ?"

"ಹಂಗಾರ ಬಿಟ್ಟುಬಿಡ್ಲೇನು?"

"ಬಿಡು ಅಂದ್ನೇನು ನಾನು? ನೆಟ್ಟಗ ಹೊಡಿ ಅಂದೆ."

ಅಕ್ಕ ಹೀಗೆ ಸಮಾಧಾನ ಹೇಳುತ್ತಾಳೆ. ಇದು ನಮ್ಮ ಮನೆಯ ಸಂಸ್ಕಾರ.

ಸಭೆಯ ದಿನ ಮುದೀರ್ ಫಲಿತಾಂಶ ಓದಿ ಚಪ್ಪಾಳೆ ಗಿಟ್ಟಿಸಿದ. ನಾನು ಅಪ್ಪಣೆ ಕೇಳದೆಯೇ ಎದ್ದೆ. ಅವನದೇ ಅರಬ್ಬಿಯಲ್ಲಿ, ಅವನದೇ ಗಂಟಲಿನಲ್ಲಿ, ಅವನಂತೆಯೇ ಗಡ್ಡ ಸವರುತ್ತ ಕೇಳಿದೆ: "ಇಲ್ಲಿ ಯಾರ‍್ಯಾರಿಗೆ ದಗ್ತ್ ಇದೆ?" ಮೊದಲು ನಗು. ಆಮೇಲೆ ಮುಂದಿನ ಸಾಲಿನ ಅಜ್ಜಂದಿರು ಒಬ್ಬೊಬ್ಬರಾಗಿ ಕೈ ಎತ್ತಿದರು. ಒಬ್ಬರು ಗುಳಿಗೆಯನ್ನೂ ತೋರಿಸಿದರು. "ನಿಮ್ಮ ಮಕ್ಕಳಿಗೆ ಕೇಳಿದ್ದು ಇದನ್ನೇ. ಇದು ತಪ್ಪೆಂದು ನನಗೆ ಮೊದಲೇ ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ಈಗ 'ಸದ್ರಿ ದಾಯಿಗ್' ಎನ್ನುವಂತಾಗಿದೆಯೇ ಎಂದು ಕೇಳಿ ನೋಡಿ" ಎಂದೆ. ಯಾರೂ ನಗಲಿಲ್ಲ. ಹಿಂದೆ ನಿಂತಿದ್ದ ಹುಡುಗರು ನೆಲ ನೋಡಿದರು. ಒಬ್ಬ ತಂದೆ ತಿರುಗಿ ತನ್ನ ಮಗನ ಮುಖವನ್ನು ಬಹಳ ಹೊತ್ತು ನೋಡಿದ.

ಮಾತಿನ ತಾಸು ಮರಳಿತು. ನಾನು ಮರಳಲಿಲ್ಲ, ನನ್ನನ್ನು ಗ್ರಂಥಾಲಯಕ್ಕೆ ಹಾಕಿದರು. ಈಗ ಆ ತಾಸಿನಲ್ಲಿ ಕೂರುವವನು ಮುದೀರೇ. ಹೊಸ ಪ್ರಶ್ನಾವಳಿಯಲ್ಲಿ ಸಲೀಮನ ಮಾತಿದೆ, ಕೆಳಗೆ ಮುದೀರನ ಸಹಿ ಇದೆ. ಹುಡುಗರಿಗೆ ಒಳ್ಳೆಯದಾಯಿತು ಎಂದು ಸಂತೋಷಪಡಬೇಕು. ಪಡುತ್ತೇನೆ, ಹಲ್ಲು ಕಡಿಯುತ್ತ.

ಮೊನ್ನೆ ಕರಾರಿನ ಅವಧಿ ಮುಗಿಯಿತು. ಮುದೀರ್ ಬಹಳ ಮೃದುವಾಗಿ, "ಊರಿಗೆ ಹೋಗಬಹುದಲ್ಲ, ನಿನ್ನವರು ಕಾಯುತ್ತಿರಬೇಕು" ಎಂದ. ಅಕ್ಕನೂ ಫೋನಿನಲ್ಲಿ, "ಸಾಕು ಬಾರಲೇ, ಸೊರಗಿ ಹೋಗ್ಯಾನ ನನ್ನ ತಮ್ಮ" ಎಂದು ಅತ್ತಳು. ನನಗೂ ಊರು ಬೇಕು. ಎಷ್ಟು ಬೇಕೆಂದರೆ, ಲಬನ್ ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಆದರೆ ಅಕ್ಕನ ಮಾತು ಕೇಳಿದರೆ ಮುದೀರ್ ಗೆಲ್ಲುತ್ತಾನೆ. ಇನ್ನೆರಡು ವರ್ಷಕ್ಕೆ ಸಹಿ ಹಾಕಿದೆ.