ಮುಯ್ಯಿ ಮುರಿದ ಸುತ್ತು

ಬೆಳಿಗ್ಗೆ ಏಳು ಗಂಟೆ ಹದಿನೈದು ನಿಮಿಷಕ್ಕೆ ನಮ್ಮ ಓಟ ನಿಧಾನವಾಯಿತು. ಹೊತ್ತು ಇಷ್ಟು ನಿಖರವಾಗಿ ನೆನಪಿರಲು ಕಾರಣವಿದೆ. ಹತ್ತನೆಯ ಸುತ್ತು ಮುಗಿದು ನಮ್ಮ ಮೂವರಲ್ಲಿ ಜಮಖಂಡಿಯವಳು ಮುಂದೆ ಓಡುವ ಪಾಳಿ ಶುರುವಾಗುವಾಗ ಗಡಿಯಾರ ನೋಡುವ ಕೆಲಸ ನನ್ನದಾಗಿತ್ತು. ನೋಡಿದೆ. ಅಲ್ಲಿಯವರೆಗೆ ಒಂದು ಸೆಕೆಂಡೂ ತಪ್ಪಿರಲಿಲ್ಲ.

ಜಮಖಂಡಿಯ ಮಣ್ಣಿನ ಮೈದಾನದಲ್ಲಿ ಇಪ್ಪತ್ತೈದು ಸುತ್ತಿನ ಆಯ್ಕೆ ಓಟ ಅದು, ಹತ್ತು ಕಿಲೋಮೀಟರ್. ಹದಿನೆಂಟು ಹುಡುಗಿಯರಿದ್ದೆವು. ನಿಗದಿಯಾದ ಸಮಯದೊಳಗೆ ಮುಗಿಸಿದವರಲ್ಲಿ ಮೊದಲ ಮೂವರು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಯಾರೂ ಆ ಸಮಯದೊಳಗೆ ಬರದಿದ್ದರೆ ಗೆದ್ದವಳೊಬ್ಬಳೇ ಹೋಗುತ್ತಾಳೆ. ನಿಯಮ ಇಷ್ಟೇ. ಸುತ್ತಿಗೆ ಎಂಬತ್ತೆಂಟು ಸೆಕೆಂಡಿನಂತೆ ಓಡಿದರೆ ಸಮಯ ಸಿಗುತ್ತಿತ್ತು.

ನಾವು ಮೂವರು ಮೂರು ವರ್ಷ ಒಟ್ಟಿಗೆ ಓಡಿದವರು. ನಾನು ಮುಧೋಳದವಳು, ಬಿ.ಎಸ್ಸಿ. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಒಬ್ಬಳು ಬನಹಟ್ಟಿಯ ನೇಕಾರರ ಮನೆಯವಳು. ಅವಳಿಗೆ ಕೊನೆಯ ಸುತ್ತಿನಲ್ಲಿ ಹಾರಿ ಗೆಲ್ಲುವ ವೇಗವಿರಲಿಲ್ಲ. ಆದರೆ ಮೊದಲ ಸುತ್ತನ್ನು ಹೇಗೆ ಓಡುತ್ತಿದ್ದಳೋ ಇಪ್ಪತ್ತನೆಯದನ್ನೂ ಹಾಗೆಯೇ ಓಡುತ್ತಿದ್ದಳು, ಮನೆಯ ಪವರ್‌ಲೂಮಿನಂತೆ. ಇನ್ನೊಬ್ಬಳು ಜಮಖಂಡಿ ಹತ್ತಿರದ ಜಮೀನುದಾರರ ಮಗಳು. ಕೊನೆಯ ಇನ್ನೂರು ಮೀಟರಿನಲ್ಲಿ ಅವಳನ್ನು ಹಿಡಿಯುವುದು ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ. ಮುಧೋಳದಾಕಿ ಅಂದ್ರ ನಾಯಿ ಹಂಗ ಓಡಬೇಕಲ್ಲಬೇ, ನೀ ಯಾಕ ಎಮ್ಮಿ ಹಂಗ ಓಡ್ತಿ ಎಂದು ನನ್ನನ್ನು ಕಾಡಿಸುತ್ತಿದ್ದವಳೂ ಅವಳೇ.

ನಮ್ಮ ಪದ್ಧತಿಗೆ ಮುಯ್ಯಿ ಎಂದು ಹೆಸರಿಟ್ಟವಳು ಕೂಡ ಅವಳು. ನಮ್ಮ ಕಡೆ ಕಳೆ ತೆಗೆಯುವ ದಿನಗಳಲ್ಲಿ ಇವತ್ತು ನಿಮ್ಮ ಹೊಲಕ್ಕೆ ನಾವು ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಕೂಲಿ ಇಲ್ಲ, ಯಾರೂ ಬರೆದಿಡುವುದಿಲ್ಲ, ಆದರೆ ತಪ್ಪಿಸಿಕೊಂಡವರಿಗೆ ಊರಲ್ಲಿ ಮುಖ ಎತ್ತಲಾಗುವುದಿಲ್ಲ. ಓಟದಲ್ಲಿ ಮುಂದಿರುವವಳು ಎದುರುಗಾಳಿಯನ್ನೂ ವೇಗ ಕಾಯುವ ಹೊಣೆಯನ್ನೂ ಹೊರುತ್ತಾಳೆ. ಹಿಂದಿನವರು ಅಷ್ಟು ಹಗುರಾಗಿರುತ್ತಾರೆ. ಅದಕ್ಕೆ ಎರಡೆರಡು ಸುತ್ತಿಗೆ ಒಬ್ಬೊಬ್ಬರ ಪಾಳಿ. ಮುಗಿದ ಕೂಡಲೇ ಹೊರಗೆ ಸರಿದು ದಾರಿ ಕೊಟ್ಟು ಮೂರನೆಯವಳಾಗಿ ಸೇರಿಕೊಳ್ಳಬೇಕು. ಪಾಳಿಯಲ್ಲಿದ್ದವಳನ್ನು ಯಾರೂ ದಾಟಬಾರದು. ಆಯ್ಕೆ ಓಟದಲ್ಲೂ ಹೀಗೆಯೇ ಓಡಿ ಮೂವರೂ ಹೋಗೋಣವೆಂದು ಹಿಂದಿನ ದಿನ ಜಮಖಂಡಿಯವಳ ಮನೆಯಲ್ಲೇ ಊಟ ಮಾಡುತ್ತಾ ಮಾತಾಗಿತ್ತು.

ಹನ್ನೊಂದನೆಯ ಸುತ್ತು ತೊಂಬತ್ತೈದು ಸೆಕೆಂಡಾಯಿತು. ದಣಿದಿರಬೇಕು ಎಂದುಕೊಂಡೆ. ಹನ್ನೆರಡನೆಯದು ಇನ್ನೂ ನಿಧಾನವಾಯಿತು. ಹಿಂದೆ ಉಳಿದಿದ್ದ ಹುಡುಗಿಯರೆಲ್ಲ ಬಂದು ನಮ್ಮನ್ನು ಕೂಡಿಕೊಂಡರು. ವೇಗದ ಓಟ ದಾರದಂತೆ ಉದ್ದವಾಗುತ್ತದೆ, ಒಬ್ಬರಿಂದೊಬ್ಬರಿಗೆ ಜಾಗವಿರುತ್ತದೆ. ನಿಧಾನದ ಓಟ ಗಂಟು ಕಟ್ಟುತ್ತದೆ. ಮೊಣಕೈಗೆ ಮೊಣಕೈ, ಹಿಮ್ಮಡಿಗೆ ಮುಂಗಾಲು. ನಮ್ಮ ಬೂಟುಗಳ ಅಡಿಯಲ್ಲಿ ಮೊಳೆಗಳಿದ್ದವು.

ನನ್ನ ಮುಂದಿದ್ದ ಬನಹಟ್ಟಿಯವಳು ತಿರುಗಿ ನೋಡದೆ ಕೇಳಿದಳು. "ಆಕಿಗೆ ಏನರ ಆಗೇತೇನಬೇ? ನಾ ಮುಂದ ಹೋಗ್ಲಿ?"

"ಪಾಳಿ ಮುಗೀಲಿ, ತಡಿ" ಎಂದೆ.

ಈ ಮಾತನ್ನು ನಾನು ಹೇಳದಿದ್ದರೆ ಎಂಬಲ್ಲಿಗೇ ಪ್ರತಿ ಸಲ ಬಂದು ನಿಲ್ಲುತ್ತೇನೆ.

ಹನ್ನೆರಡು ಮುಗಿಯಿತು. ಜಮಖಂಡಿಯವಳು ಹೊರಗೆ ಸರಿಯಲಿಲ್ಲ. ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದಳು. ದಣಿದವಳ ಮುಖವಾಗಿರಲಿಲ್ಲ ಅದು. ಬಾಯಿ ಮುಚ್ಚಿತ್ತು, ಮೂಗಿನಲ್ಲೇ ಉಸಿರಾಡುತ್ತಿದ್ದಳು. ಬೇಕೆಂದೇ ನಿಧಾನ ಮಾಡುತ್ತಿದ್ದಾಳೆಂದು ಬನಹಟ್ಟಿಯವಳಿಗೂ ಆಗಲೇ ತಿಳಿದಿರಬೇಕು. ಹೊರಗಡೆಯಿಂದ ದಾಟಲು ಬಲಕ್ಕೆ ನಾಲ್ಕು ಜನರ ಗೋಡೆ. ಒಳಗಡೆ ಸುಣ್ಣ ಬಳಿದ ಕಲ್ಲಿನ ಅಂಚು. ಆ ಅಂಚಿನ ಪಕ್ಕ ಒಂದು ಗೇಣು ಜಾಗವಿತ್ತು. ಅವಳು ಅಲ್ಲಿಗೆ ನುಗ್ಗಿದಳು. ಎಡಗಾಲು ಕಲ್ಲಿನ ಮೇಲೆ ಬಿತ್ತು, ಹಿಂದಿನಿಂದ ಯಾರದೋ ಕಾಲು ಅವಳ ಹಿಮ್ಮಡಿಗೆ ತಾಗಿತು. ಅವಳು ಮುಗ್ಗರಿಸಲಿಲ್ಲ, ನೇರವಾಗಿ ಬಿದ್ದಳು. ತಲೆ ಕಲ್ಲಿಗೆ ಬಡಿದ ಸದ್ದು ಕೇಳಿತು.

ನಾನು ಜಿಗಿದೆ. ಯೋಚಿಸಿ ಜಿಗಿಯಲಿಲ್ಲ, ಕಾಲು ತಾನೇ ಎತ್ತಿಕೊಂಡಿತು. ಅವಳನ್ನು ದಾಟಿ ಇಳಿದು ಮತ್ತೆ ಇಪ್ಪತ್ತು ಹೆಜ್ಜೆಯಾದರೂ ಓಡಿದೆ. ಹಿಂದೆ ಒಬ್ಬರ ಮೇಲೊಬ್ಬರು ಬೀಳುವುದು ಕೇಳಿಸುತ್ತಿತ್ತು. ಆಮೇಲೆ ನಿಂತೆ. ತಿರುಗಿ ಬಂದಾಗ ಅವಳ ಕಿವಿಯ ಹಿಂದಿನಿಂದ ರಕ್ತ ಹರಿದು ಸುಣ್ಣದ ಮೇಲೆ ಇಳಿಯುತ್ತಿತ್ತು. ಕಣ್ಣುಗಳು ಅರ್ಧ ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಓಟ ನಡೆದೇ ಇತ್ತು. ಅಂಬುಲೆನ್ಸಿಗೆ ಅವಳನ್ನು ಎತ್ತುವಾಗ ಎದುರುಗಡೆ ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಜಮಖಂಡಿಯವಳು ಹೇಗೆ ಹಾರಿದಳೆಂದು ನಾನು ನೋಡಲಿಲ್ಲ. ಸುಲಭವಾಗಿ ಗೆದ್ದಳಂತೆ. ಸಮಯ ಯಾರಿಗೂ ಸಿಗಲಿಲ್ಲ, ಹಾಗಾಗಿ ಅವಳೊಬ್ಬಳೇ ಆಯ್ಕೆಯಾದಳು.

ಆಸ್ಪತ್ರೆಯಲ್ಲಿ ಬನಹಟ್ಟಿಯವಳಿಗೆ ಎಚ್ಚರವಾಗುವಾಗ ಸಂಜೆಯಾಗಿತ್ತು. ಕಿವಿಯ ಹಿಂದೆ ಯಾರದೋ ಬೂಟಿನ ಮೊಳೆ ಹೊಕ್ಕ ಜಾಗ ಒಂದು ಬೆರಳಿನಷ್ಟು ಈಚೆಗಿದ್ದರೆ ಕುತ್ತಿಗೆಯ ರಕ್ತನಾಳ ಹರಿಯುತ್ತಿತ್ತು ಎಂದರು ಡಾಕ್ಟರು. ಆ ಮೊಳೆ ಯಾರದು ಎಂಬುದು ನನ್ನೊಳಗೆ ಕೂತುಬಿಟ್ಟಿತು. ಜಿಗಿದು ಇಳಿದ ನನ್ನ ಕಾಲು ಎಲ್ಲಿ ಇಳಿಯಿತೆಂದು ನನಗೆ ಗೊತ್ತಿಲ್ಲ. ಮರುದಿನ ಬೀಳಗಿಯ ಹುಡುಗಿಯೊಬ್ಬಳು ತಂದೆಯ ಜೊತೆ ಬಂದು, ತುಳಿದದ್ದು ನಾನೇ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುತ್ತಿರುವಾಗ ನನ್ನ ಎದೆ ಹಗುರಾಯಿತು. ಆ ಹಗುರಕ್ಕೆ ನನಗೇ ನಾಚಿಕೆಯಾಯಿತು. ಅವಳಿಗಾದರೂ ಖಚಿತವಾಗಿ ಗೊತ್ತಿತ್ತೇ?

ಓಟ ನಡೆಸಿದವರಲ್ಲಿ ಒಬ್ಬರನ್ನು ಕೇಳಿದೆ. ನಿಧಾನ ಓಡುವುದು ತಪ್ಪಲ್ಲ, ದೊಡ್ಡ ದೊಡ್ಡ ಪಂದ್ಯಗಳಲ್ಲೂ ಹೀಗೇ ಓಡುತ್ತಾರೆ ಎಂದರು. ಅದು ಖರೆ. ಲೋಕದ ಹೆಸರಾಂತ ಓಟಗಾರರು ಇಪ್ಪತ್ತು ಸುತ್ತು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಧಾನ ಓಡಿ, ಕೊನೆಗೆ ಹುಚ್ಚು ಹಿಡಿದಂತೆ ಹಾರುವುದನ್ನು ಮೊಬೈಲಿನಲ್ಲಿ ನೋಡಿ ನಾನೇ ಚಪ್ಪಾಳೆ ತಟ್ಟಿದ್ದೇನೆ. ಆದರೆ ಅವರು ಹಿಂದಿನ ದಿನ ಒಂದೇ ತಾಟಿನಿಂದ ರೊಟ್ಟಿ ಮುರಿದುಕೊಂಡು, ನಾನು ವೇಗ ಕಾಯುತ್ತೇನೆ ಎಂದು ಮಾತು ಕೊಟ್ಟಿರುವುದಿಲ್ಲ.

ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕಾಕಾ ಇನ್ನೊಂದು ಸಂಗತಿ ಹೇಳಿದರು. ಜಮಖಂಡಿಯ ನಮ್ಮಾಕಿ ಒಂದು ತಿಂಗಳಿಂದ ದಿನಾ ಸಂಜೆ ಒಬ್ಬಳೇ ಬಂದು ಕೊನೆಯ ಅರ್ಧ ಸುತ್ತನ್ನಷ್ಟೇ ಹತ್ತಾರು ಸಲ ಓಡುತ್ತಿದ್ದಳಂತೆ. ಆ ತಿಂಗಳು ನಮ್ಮ ಮುಂದೆ ಮೊಣಕಾಲು ನೋವು, ಸಂಜೆ ವಿಶ್ರಾಂತಿ ಎನ್ನುತ್ತಿದ್ದಳು. ಪೇಟೆಯಿಂದ ಎಣ್ಣೆ ತಂದು ಕೊಟ್ಟವಳು ಬನಹಟ್ಟಿಯವಳು.

ರಾಷ್ಟ್ರಮಟ್ಟಕ್ಕೆ ಹೊರಡುವ ಮುಂಚೆ ಜಮಖಂಡಿಯವಳು ನಮ್ಮ ಮನೆಗೆ ಬಂದಳು. ಅವ್ವ ಏನೂ ತಿಳಿಯದವಳಂತೆ ಚುನಮುರಿ, ಚಹಾ ಕೊಟ್ಟು ಒಳಗೆ ಹೋದಳು. ಇವಳು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಆಕಿ ಬೀಳ್ಲಿ ಅಂತ ಮಾಡಿಲ್ಲ ನಾ."

"ಗೊತ್ತೈತಿ."

"ಜೋರಾಗಿ ಓಡಿದ್ರ ನೀವಿಬ್ಬರೂ ನನಗಿಂತ ಮುಂದ. ಹದಿನೈದು ಸುತ್ತಿನ ಮ್ಯಾಲ ನನ್ನ ಕಾಲು ಹಿಡೀತಾವು, ನಿಮಗೂ ಗೊತ್ತು. ಮೂರನೇದು ನನಗ ಸಿಗತೈತಿ ಅಂತ ಯಾರು ಬರದು ಕೊಟ್ಟಿದ್ರು?"

"ಹಂಗಿದ್ರ ಮೊದಲ ಹೇಳಬೇಕಿತ್ತು."

"ಹೇಳಿದ್ರ ನನ್ನ ಬಿಟ್ಟು ಹೋಗ್ತಿದ್ರಿ" ಎಂದಳು. ಆಮೇಲೆ, ಬಹಳ ಮೆಲ್ಲಗೆ, "ಮುಯ್ಯಿ ಹೊಲದಾಗಬೇ. ಅಲ್ಲಿ ಯಾರೂ ಗೆಲ್ಲೂದಿಲ್ಲ."

ಅವಳು ಎದ್ದು ಹೋದಳು. ಬನಹಟ್ಟಿಗೆ ಹೋಗಿ ಬಂದಿಯಾ ಎಂದು ನಾನು ಕೇಳಲಿಲ್ಲ. ಹೋಗಿರಲಿಲ್ಲವೆಂದು ಆಮೇಲೆ ತಿಳಿಯಿತು. ರಾಷ್ಟ್ರಮಟ್ಟದಲ್ಲಿ ಅವಳಿಗೆ ಏನಾಯಿತೆಂದು ಯಾರೋ ಹೇಳಲು ಬಂದಾಗ ಮಾತು ಬದಲಿಸಿದೆ.

ಆ ತಿಂಗಳುಗಳಲ್ಲಿ ನಿದ್ದೆ ಕಣ್ಣಿಗೆ ಹತ್ತುತ್ತಿದ್ದಂತೆ ನನ್ನ ಕಾಲು ಜಿಗಿಯುತ್ತಿತ್ತು. ಹಾಸಿಗೆಯಲ್ಲೇ ಬಿದ್ದ ಬನಹಟ್ಟಿಯವಳನ್ನು ದಾಟುತ್ತಿದ್ದೆ, ಇಳಿಯುವ ಮುಂಚೆ ಎಚ್ಚರವಾಗುತ್ತಿತ್ತು. ಎಲ್ಲಿ ಇಳಿದೆನೆಂದು ಕನಸೂ ತೋರಿಸಲಿಲ್ಲ. ಶಾಲೆಯಲ್ಲಿ ಮಕ್ಕಳು ಸಾಲಾಗಿ ಓಡುವುದನ್ನು ಕಂಡರೂ ಕಿಟಕಿ ಮುಚ್ಚುತ್ತಿದ್ದೆ.

ಬನಹಟ್ಟಿಯವಳಿಗೆ ನಾಲ್ಕನೆಯ ತಿಂಗಳಲ್ಲಿ ಓಡಲು ಅನುಮತಿ ಸಿಕ್ಕಿತು. ಎಡಕಿವಿ ಮಾತ್ರ ಮಂದವಾಗಿ ಉಳಿಯಿತು. ಭಾನುವಾರ ಮೊದಲ ಬಸ್ಸಿಗೆ ಹೋದೆ. ಅಲ್ಲಿಂದ ಪಕ್ಕದ ಊರು ಚಿಮ್ಮಡಕ್ಕೆ ಹೋಗುವ ರಸ್ತೆಯಲ್ಲಿ ಹಿಂದಿನಿಂದ ಬರುವ ಆಟೋಗಳು ಅವಳಿಗೆ ಕೇಳುವುದಿಲ್ಲವೆಂದು ನಾನು ಪಕ್ಕದಲ್ಲೇ ಓಡುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವಳು ನಿಂತಳು.

"ನೀ ಯಾಕ ನನ್ನ ಹಿಂದ ಬರವಲ್ಲಿ?"

ಆಗುವುದಿಲ್ಲ ಎಂದೆ. ಮೊಳೆಯ ವಿಷಯವನ್ನು ಮೊದಲ ಸಲ ಅವಳಿಗೆ ಹೇಳಿದೆ. ತಡಿ ಅಂದಿದ್ದನ್ನೂ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು.

"ಮೊಳಿ ಯಾರದರ ಇರಲಿ. ತಡಿ ಅಂದದ್ದಕ್ಕ ಮಾತ್ರ ಸಿಟ್ಟೈತಿ ನನಗ" ಎಂದಳು. "ಮುಂದಿನ ಸಲ ಮೊದಲನೇ ಸುತ್ತಿನಿಂದ ನಾನ ಮುಂದ. ಯಾರ ಪಾಳೀನೂ ಕಾಯೂದಿಲ್ಲ. ನಿಂದೂ ಕಾಯೂದಿಲ್ಲ. ಹಿಡಿಯೂದು ಆದ್ರ ಹಿಡಿ."

ಹೇಳಿ ಓಡಿದಳು. ಆ ಮಾತಿನಿಂದ ನನಗೆ ನೋವಾಯಿತು, ಆದರೆ ನಾಲ್ಕು ತಿಂಗಳಲ್ಲಿ ನಾನು ಕೇಳಿದ ಮೊದಲ ನೇರ ಮಾತು ಅದು. ಹಿಂದೆ ಹೋದೆ. ಮೊದಲು ಹತ್ತು ಹೆಜ್ಜೆ ದೂರ, ಆಮೇಲೆ ಐದು. ಅವಳ ಹಿಮ್ಮಡಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಚಿಮ್ಮಡ ಬರುವವರೆಗೂ ನನ್ನ ಕಾಲು ಎಲ್ಲೆಲ್ಲಿ ಇಳಿಯುತ್ತಿದೆಯೆಂದು ನೋಡುತ್ತಲೇ ಓಡಿದೆ. ಅವಳು ಒಮ್ಮೆಯೂ ವೇಗ ಇಳಿಸಲಿಲ್ಲ. ನಾನು ಹಿಡಿಯಲೂ ಆಗಲಿಲ್ಲ.

ಆ ದಿನ ಮನೆಗೆ ಬಂದು ಉಂಡು ಮಲಗಿದವಳನ್ನು ಸೋಮವಾರ ಬೆಳಿಗ್ಗೆ ಅವ್ವ ಭುಜ ಅಲುಗಿಸಿ ಎಬ್ಬಿಸಿದಳು. ರಾತ್ರಿ ಒಮ್ಮೆಯೂ ಕಾಲು ಜಿಗಿದಿರಲಿಲ್ಲ. ಶಾಲೆಗೆ ಹೊತ್ತಾಗಿತ್ತು.