ಓಣಿಯ ಮೇಲಿನ ತಂತಿ

ನನ್ನ ಮೊಮ್ಮಗಳಿಗೆ ಕಿವಿ ಕಡಿಮೆ ಕೇಳಿಸುತ್ತದೆ ಎಂದು ನಮಗೆ ಗೊತ್ತಾಗಿದ್ದು ತಡವಾಗಿ. ಅಷ್ಟೊತ್ತಿಗೆ ಮೂರು ತುಂಬಿ ನಾಲ್ಕರಾಗ ಬಿದ್ದಿದ್ದಳು. ಕಿವಿಗೆ ಮಷಿನ್ ಹಾಕಿಸಿದೆವು. ಮಾತು ಕಲಿಸುವ ಹುಬ್ಬಳ್ಳಿಯ ಟೀಚರು ಅವತ್ತೇ ಬಿಡಿಸಿ ಹೇಳಿದರು: "ಮಷಿನ್ ಒಂದರಿಂದ ಆಗೂದಿಲ್ರಿ. ಆಕಿ ನನ್ನ ತುಟಿ ನೋಡಬೇಕು, ಅದೇ ಹೊತ್ತಿಗೆ ದನಿ ಕೇಳಬೇಕು. ಎರಡೂ ಕೂಡಿ ಬಂದ್ರನ ಮಾತು. ಇನ್ನೊಂದ ವರ್ಷ ಹಿಂಗ ಹೋದ್ರ ಭಾಳ ತ್ರಾಸ ಆಗ್ತದ."

ಗಜೇಂದ್ರಗಡದಿಂದ ಹುಬ್ಬಳ್ಳಿಗೆ ವಾರಕ್ಕೆ ಮೂರು ಸಲ ಕೂಸನ್ನು ಕಟ್ಟಿಕೊಂಡು ಬಸ್ಸು ಹತ್ತುವುದು ಆಗದ ಮಾತು. ಅದಕ್ಕೆ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪಿನಲ್ಲೇ ಕ್ಲಾಸು ಎಂದಾಯಿತು. ನಮ್ಮದು ಗುಡ್ಡದ ಬುಡದ ಓಣಿ, ಕಲ್ಲಿನ ಮನೆ. ಮೊಬೈಲ್ ಹಿಡಿದುಕೊಂಡು ಮಾಳಿಗಿ ಹತ್ತಿದರೆ ಮಾತ್ರ ನೆಟ್ಟು. ಹಿಂಗಾಗಿ ಎಷ್ಟೋ ವರ್ಷ ಸತ್ತು ಬಿದ್ದಿದ್ದ ಹಳೆಯ ಫೋನಿನ ತಂತಿಗೇ ಜೀವ ಕೊಡಿಸಿ ಬ್ರಾಡ್‌ಬ್ಯಾಂಡ್ ಹಾಕಿಸಿದೆವು.

ಮೊದಲ ತಿಂಗಳು ಸಂಭ್ರಮ. ಟೀಚರು ತುಟಿ ಕೂಡಿಸಿ ಬಿಡುವುದನ್ನು ಈಕೆ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಒಂದು ದಿನ ಬಾಗಿಲಿಗೆ ಬಂದ ಆಡಿಗೆ "ಬಾ" ಅಂದಳು. ನಾನು ಸಾಲಿ ಕಲಿಸಿದ ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳ ಬಾಯಿಂದ ಅಕ್ಷರ ಹೊರಡಿಸಿದ್ದೇನೋ, ಲೆಕ್ಕವಿಲ್ಲ. ಆದರೆ ಅವತ್ತು ಆ ಆಡನ್ನು ಒಳಗೆ ಕರೆದು ಒಂದು ಬುಟ್ಟಿ ಜೋಳ ಹಾಕಿದೆ.

ಆಮೇಲೆ ಶುರುವಾಯಿತು ನೋಡ್ರಿ. ಟೀಚರ ಬಾಯಿ ತೆರೆದಲ್ಲೇ ತೆರೆದು ನಿಲ್ಲುವುದು. ಬಾಯಿ ಮುಚ್ಚಿದ ಮೇಲೆ ದನಿ ಬರುವುದು. ಕೂಸು ಒಂದು ವಾರ ತಾಳಿತು, ಎರಡು ವಾರ ತಾಳಿತು. ಮೂರನೆಯ ವಾರ ಮುಖ ತಿರುಗಿಸಿ ನನ್ನ ಸೀರೆಯ ಅಂಚು ಎಳೆಯುತ್ತ ಕುಳಿತಳು. ನಾವು ಗದ್ದ ಹಿಡಿದು ತಿರುಗಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ದೂರು ಕೊಟ್ಟು ಎಂಟು ದಿನಕ್ಕೆ ಲೈನ್‌ಮನ್ ಬಂದ, ಅದೂ ಸಂಜಿಮುಂದ. "ರೋಣ, ನರಗುಂದ, ಗಜೇಂದ್ರಗಡ, ಮೂರೂ ನನ್ನ ಕೊರಳಿಗೇ ಬಿದ್ದಾವ್ರಿ ಅಕ್ಕೋರ. ಒಂದ ಜೀವ, ಎಲ್ಲೆಲ್ಲಿ ಅಂತ ಓಡಲಿ?" ಎಂದು ಚಹಾ ಕುಡಿದು, ಗೋಡೆಯ ಮೇಲಿನ ಡಬ್ಬಿ ಬದಲಿಸಿದ. ನಮ್ಮ ಮಾವನವರ ಕೋಣಿಗೆ ಎಳೆದಿದ್ದ ಹಳೆಯ ಕವಲು ತಂತಿಯನ್ನೂ ಕತ್ತರಿಸಿದ. ಮೀಟರ್ ಹಚ್ಚಿ, "ಈಗ ಬೆಂಕಿಹಂಗ ಓಡ್ತದ" ಅಂದ. ಆ ಸಂಜಿ ಓಡಿತು ಖರೇ. ಮರುದಿನ ಬೆಳಿಗ್ಗೆ ಹತ್ತಕ್ಕೆ ಮತ್ತೆ ಅದೇ ತೆರೆದ ಬಾಯಿ.

ಶುಕ್ರವಾರ ಮಾತ್ರ ಕ್ಲಾಸು ಚಲೋ ನಡೆಯುತ್ತದೆ ಎಂದು ಮೊದಲು ಕಂಡುಹಿಡಿದವಳು ನನ್ನ ಸೊಸಿ. "ಅತ್ತೀ, ಲಕ್ಷ್ಮೀ ವಾರ" ಅಂದಳು. ಅಂದವಳೇ ಆ ಮಿಣಿಮಿಣಿ ದೀಪದ ನೆಟ್ಟಿನ ಡಬ್ಬಿಗೆ ಅರಿಷಿಣ ಕುಂಕುಮ ಹಚ್ಚಿದಳು.

"ಅದರೊಳಗ ಕುಂಕುಮ ಹೋದ್ರ ಇದ್ದದ್ದೂ ಹೋಗ್ತದ ನೋಡವಾ" ಅಂದೆ.

"ನೀವ ನಗಬ್ಯಾಡ್ರಿ. ಟೀಚರಿಗೆ ಹೇಳ್ರಿ, ಮೂರೂ ಕ್ಲಾಸ ಶುಕ್ರವಾರನ ಇಡಂತ."

ನಕ್ಕೆ, ಆದರೂ ಹೇಳಿದೆ. ಟೀಚರು, "ಮೂರು ದಿನದ ಊಟಾ ಒಂದ ದಿನ ಉಣಸ್ತೀರೇನ್ರಿ?" ಅಂದರು. ವಾರಕ್ಕೆ ಒಂದು ದಿನ ನೆಟ್ಟಗೆ ಕಂಡರೆ, ಉಳಿದೆರಡು ದಿನ ಕೂಸು ಅದನ್ನೂ ಮರೆಯುತ್ತಿತ್ತು.

ಕಡೆಗೆ ಲೈನ್‌ಮನ್‌ಗೆ ಕೈಮುಗಿದು, ಬೆಳಿಗ್ಗೆ ಹೊತ್ತಿನಲ್ಲೇ ಬಾರಪ್ಪ ಎಂದು ಕರೆಸಿದೆ. ಬುಧವಾರ ಬಂದ. ಒಳಗಿನದೆಲ್ಲ ನೋಡಿ ಮಾಳಿಗಿ ಹತ್ತಿದ. ಸೊಸಿಯೂ ನಾನೂ ಹಿಂದೆಯೇ ಹತ್ತಿದೆವು. ಮೇಲೆ ನಿಂತವನೇ ಓಣಿಯ ಕಡೆ ಬಾಗಿ ಕೂಗಿದ: "ಏನ್ರೀ ಇದು! ತಂತಿ ಅಂದ್ರ ನಿಮ್ಮನೀ ಅರಿವಿ ಒಣಾಕೂ ಹಗ್ಗ ಆತೇನ್ರಿ?"

ಎದುರುಮನೆಯ ಆಪಾ ಹೊರಗೆ ಬಂದಳು. ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವವಳು, ಮೊಣಕೈತನಕ ಕೆಂಪು. ಅವಳ ಮಾಳಿಗಿಯಿಂದ ನಮ್ಮ ಮಾಳಿಗಿಗೆ ಬಂದಿದ್ದ ತಂತಿಯ ಮೇಲೆ, ಅವಳ ಕಡೆಯ ಅರ್ಧಕ್ಕೆ, ಬಣ್ಣದಲ್ಲಿ ಅದ್ದಿದ ನೂಲಿನ ಲಡಿಗಳು ಸಾಲಾಗಿ ಜೋತುಬಿದ್ದು ನೀರು ತೊಟ್ಟಿಕ್ಕುತ್ತಿದ್ದವು. ದಿನಾ ಬೆಳಿಗ್ಗೆ ಕಿಡಿಕಿಯಿಂದ ನೋಡಿ, ಬಣ್ಣ ಎಷ್ಟು ಚೆಂದ ಕೂತದ ಎಂದುಕೊಳ್ಳುತ್ತಿದ್ದವಳು ನಾನೇ. ಲಡಿಗಳ ನಡುವೆಯೇ ಇತ್ತು ತಂತಿಯ ಗಂಟು. ಬ್ರಾಡ್‌ಬ್ಯಾಂಡ್ ಕೊಡುವಾಗ ತುಂಡಾಗಿದ್ದ ತಂತಿಯನ್ನು ಹೆಣೆದು ಮೇಲೆ ಬರೀ ಟೇಪಿನ ಪಟ್ಟಿ ಸುತ್ತಿದ್ದರು. ಒಂದು ತಿಂಗಳು ತಡೆದು, ಆಮೇಲೆ ಭಾರಕ್ಕೆ ಅದು ಬಿಚ್ಚಿ, ನೀರು ಇಳಿದು, ಒಳಗಿನ ತಾಮ್ರ ಹಸಿರಾಗಿತ್ತು. ಮಧ್ಯಾಹ್ನ ನೂಲು ಒಣಗಿ ಆಪಾ ತೆಗೆದಮೇಲೆ ಸಂಜಿಗೆ ನೆಟ್ಟು ಸರಿ. ಶುಕ್ರವಾರ ಜುಮ್ಮಾ, ಆಪಾ ಬಣ್ಣದ ಒಲಿ ಹಚ್ಚುವುದಿಲ್ಲ. ನಮ್ಮ ಲಕ್ಷ್ಮಿ ಅಷ್ಟೇ.

ಸೊಸಿ ಸಿಟ್ಟಿಗೆದ್ದಳು. "ಎರಡು ತಿಂಗಳಾತ್ರಿ ಆಪಾ! ನಮ್ಮ ಕೂಸಿನ ಮಾತು ಹೋತಲ್ರಿ!"

ಆಪಾ ಸೊಸಿಯನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. ಯಾಕೆಂದರೆ, ಆ ತಂತಿ ಸತ್ತು ಬಿದ್ದಿದ್ದ ವರ್ಷಗಳಲ್ಲಿ ಒಂದು ದಿನ ಅವಳು ಕೇಳಿದ್ದಳು: "ಅಕ್ಕೋರ, ಅದರ ಮ್ಯಾಲೆ ನಾಕ ಲಡಿ ಹಾಕ್ಲೇನ್ರಿ?" "ಹಾಕ್ರಿ, ಹೆಂಗೂ ಸತ್ತ ತಂತಿ" ಅಂದವಳು ನಾನು. ಜೀವ ಬಂದ ಮೇಲೆ ಅವಳಿಗೆ ಹೇಳದೆ ಮರೆತವಳೂ ನಾನೇ.

ಅವತ್ತು ಆ ಮಾತು ನನ್ನ ಬಾಯಿಂದ ಬರಲಿಲ್ಲ. ಸೊಸಿ ಪಕ್ಕದಲ್ಲಿ ನಿಂತಿದ್ದಳು, ಅವಳ ಕಣ್ಣು ಕೆಂಪಾಗಿತ್ತು. ಆಪಾ ಒಂದೊಂದೇ ಲಡಿ ಇಳಿಸಿ, ಭುಜದ ಮೇಲೆ ಹಾಕಿಕೊಂಡು ಒಳಗೆ ಹೋದಳು. ಲೈನ್‌ಮನ್ ಕಂಬದಿಂದ ಗೋಡೆಗುಂಟ, ಗಂಟೇ ಇಲ್ಲದ ಹೊಸ ತಂತಿ ಎಳೆದುಕೊಟ್ಟ.

ಶುಕ್ರವಾರ ಕಳೆದು ಸೋಮವಾರ ಬಂತು. ಟೀಚರ ತುಟಿ, ದನಿ ಕೂಡಿಯೇ ಬಂದವು. ಹಲ್ಲಿನ ಸಂದಿಯೂ ಕಾಣುವಷ್ಟು ಚಿತ್ರ ಸ್ವಚ್ಛ. ಕೂಸು ಆ ಕಡೆ ನೋಡಲಿಲ್ಲ. ಟೀಚರು ಗೊಂಬೆ ತೋರಿಸಿದರು, ಕೈ ಆಡಿಸಿದರು, ಕಡೆಗೆ ಸೊಸಿಗೆ ಮೆಲ್ಲಗೆ ಹೇಳಿದರು: "ಮುಖಾ ನೋಡೂದ ಬಿಟ್ಟಾಳ್ರಿ. ಮತ್ತ ಮೊದಲಿಂದ ಶುರು ಮಾಡಬೇಕು."

ಆಗ ಎದ್ದು ಎದುರುಮನೆಗೆ ಹೋದೆ. ಸೊಸಿಯನ್ನೂ ಕರೆದುಕೊಂಡೇ ಹೋದೆ. ಹೊಸಿಲಲ್ಲೇ ನಿಂತು, ಲಡಿ ಹಾಕು ಎಂದಿದ್ದೂ, ಆಮೇಲೆ ಹೇಳದೆ ಮರೆತದ್ದೂ ನಾನೇ ಎಂದು ಹೇಳಿದೆ.

ಆಪಾ ನೂಲು ಹಿಂಡುತ್ತಲೇ ಅಂದಳು: "ಇದ ಮಾತು ಬುಧವಾರ ಅಂದಿದ್ರ ಬಾಯಾಗಿನ ಹಲ್ಲು ಉದರ್ತಿದ್ದುವೇನ್ರಿ ಅಕ್ಕೋರ? ಒಬ್ಬ ಗಂಡಸು ಓಣ್ಯಾಗ ನಿಲ್ಲಿಸಿ ಬೈದ."

"ತಪ್ಪಾತು ಆಪಾ."

ಸೊಸಿ ತಿರುಗಿ ಮನೆಗೆ ನಡೆದಳು. ಅವಳು ನನ್ನ ಜೊತೆ ಮಾತಾಡಿದ್ದು ಎರಡು ದಿನ ಬಿಟ್ಟು. ಆಪಾ ಮಾತ್ರ ಇನ್ನೊಂದು ಲಡಿ ಎತ್ತಿಕೊಂಡು ಕೇಳಿದಳು: "ಈಗರೆ ಹುಡುಗಿ ಕಲೀತಾಳೇನು?"

"ಮುಖಾನ ನೋಡವಲ್ಲಳು."

ಆಪಾಳ ಕೈ ನಿಂತಿತು. "ಯಾ ಅಲ್ಲಾ" ಅಂದಳು, ಅಷ್ಟೇ.

ಇದಾಗಿ ನಾಲ್ಕನೆಯ ವಾರ. ಒಂದು ದಿನ ಕೂಸು ಹತ್ತು ಎಣಿಸುವಷ್ಟು ಹೊತ್ತು ಟೀಚರ ತುಟಿ ನೋಡಿದಳು. ಮರು ಕ್ಲಾಸಿಗೆ ಅದೂ ಇಲ್ಲ. ನಾನೂ ಸೊಸಿಯೂ ಪಾಳಿ ಹಚ್ಚಿ ಪಕ್ಕದಲ್ಲಿ ಕೂಡುತ್ತೇವೆ. ತಂತಿ ಕೆಟ್ಟಿದ್ದಾಗ ಬೈಯಲು ತಂತಿಯಿತ್ತು, ಲೈನ್‌ಮನ್ ಇದ್ದ. ಈಗ ಚಿತ್ರ ಎಲ್ಲೂ ನಿಲ್ಲುವುದಿಲ್ಲ. ಟೀಚರು ತುಟಿ ಕೂಡಿಸಿ "ಬಾ" ಅನ್ನುತ್ತಾರೆ, ಮತ್ತೆ "ಬಾ" ಅನ್ನುತ್ತಾರೆ. ಕೂಸು ತನ್ನ ಬೆರಳು ನೋಡಿಕೊಳ್ಳುತ್ತಿರುತ್ತದೆ. ನಾನು ಅವಳ ಗದ್ದಕ್ಕೆ ಕೈ ಹಚ್ಚುವುದಿಲ್ಲ. ತಾನಾಗಿಯೇ ತಿರುಗಲಿ ಎಂದು ಕಾಯುತ್ತೇನೆ.