ಸಾಲುಮನೆಯ ಗಿಳಿಹಸಿರು ಪರದೆ

ಹೋದ ವಾರ ಹೊಳಲ್ಕೆರೆಯ ಬಟ್ಟೆ ಅಂಗಡಿಯಲ್ಲಿ ಪರದೆ ಬಟ್ಟೆ ಆರಿಸಲು ಕೂತಿದ್ದೆ. ಹೊಸ ಮನೆಗೆ ಬಂದು ತಿಂಗಳುಗಳೇ ಕಳೆದಿದ್ದರೂ ನಮ್ಮ ಕಿಟಕಿಗಳಿಗೆ ನನ್ನ ಹಳೆಯ ಸೀರೆಗಳೇ ಗತಿಯಾಗಿದ್ದವು. ಈಗ ಎಲ್ಲರ ಮನೆಯಲ್ಲೂ ಕೆನೆ ಬಣ್ಣದ ಪರದೆಯೇ ಇರುವುದೆಂದೂ, ಹೂವುಗೀವು ಇರಕೂಡದೆಂದೂ ಮಗಳು ರಂಜು ದಾರಿಯುದ್ದಕ್ಕೂ ನನಗೆ ಪಾಠ ಹೇಳಿಕೊಂಡು ಬಂದಿದ್ದಳು. ಅಂಗಡಿಯವರು ಒಂದಾದ ಮೇಲೊಂದು ಥಾನು ಬಿಚ್ಚಿ ಹರಡುತ್ತಿದ್ದರು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಅಡರುತ್ತಿತ್ತು. ಆ ರಾಶಿಯ ನಡುವೆ ಒಂದು ಗಿಳಿಹಸಿರು ಬಟ್ಟೆ ಕಂಡಿತು. ಅದರ ಮೈತುಂಬ ಊಟದ ತಟ್ಟೆಯಷ್ಟಗಲದ ಕೆಂಪು ಹೂಗಳು. ನನ್ನ ಕೈ ತಾನಾಗಿಯೇ ಅದರ ಮೇಲೆ ಹೋಯಿತು. ರಂಜು ನನ್ನ ಮುಖ ನೋಡಿದವಳೇ, "ಬ್ಯಾಡಮ್ಮ, ಮತ್ತೆ ಅದೇ ಬ್ಯಾಡ" ಎಂದು ನಗತೊಡಗಿದಳು. ಅಂಗಡಿಯವರಿಗೆ ಏನೂ ಅರ್ಥವಾಗಲಿಲ್ಲ. ನಿಮಗೂ ಅರ್ಥವಾಗಬೇಕಾದರೆ ನಾನು ಚಿಕ್ಕಜಾಜೂರಿನ ಕಥೆ ಹೇಳಬೇಕು.

ನಮ್ಮ ಯಜಮಾನರು ಆಗ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಬಂದ ಗಾಡಿಯನ್ನು ಸರಿಯಾದ ಹಳಿಗೆ ತಿರುಗಿಸುವುದು, ಬಾವುಟ ತೋರಿಸುವುದು ಅವರ ಕೆಲಸ. ನಾನು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವಳು. ನಮ್ಮೂರಲ್ಲಿ ಒಂದೊಂದು ಮನೆಗೆ ಒಂದೊಂದು ಮುಖ. ಒಂದರ ಮುಂದೆ ಬೇವಿನ ಮರ, ಒಂದರ ಮುಂದೆ ಎತ್ತಿನ ಗೊಂತು, ಇನ್ನೊಂದಕ್ಕೆ ಇಂದೋ ನಾಳೆಯೋ ಬೀಳುವಂತೆ ಬಾಗಿದ ಚಾವಡಿ. ಅಂಥ ಕಡೆಯಿಂದ ಬಂದವಳಿಗೆ ರೈಲ್ವೆ ಕ್ವಾರ್ಟರ್ಸಿನ ಉದ್ದನೆಯ ಸಾಲು ನೋಡಿ ಗಾಬರಿಯಾಯಿತು. ಎಲ್ಲದಕ್ಕೂ ಅದೇ ಹಳದಿ ಗೋಡೆ, ಅದೇ ಕಂದು ಬಾಗಿಲು, ಬಾಗಿಲ ಪಕ್ಕ ಅದೇ ನೀಲಿ ಡ್ರಮ್ಮು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಾನೂ ಬಂದ ಹೊಸದರಲ್ಲಿ ನಲ್ಲಿಗೆ ಹೋಗಿ, ಕೊಡ ಹೊತ್ತು ಗಂಭೀರವಾಗಿ ನಡೆದು, ಒಳಗೆ ಹೋಗಿ ಕೊಡ ಇಳಿಸಿದೆ. ತಲೆ ಎತ್ತಿದರೆ ಮಂಚದ ಮೇಲೆ ಬನಿಯನ್ನಿನಲ್ಲಿ ಗೊರಕೆ ಹೊಡೆಯುತ್ತಿರುವವರು ನಮ್ಮ ಯಜಮಾನರಲ್ಲ, ಪಕ್ಕದ ಮನೆ ಗೌರಮ್ಮನ ಯಜಮಾನರು! ಗೌರಮ್ಮ ಒಲೆಯ ಮುಂದಿನಿಂದ ಏಳದೆಯೇ, ನೀರು ತಂದು ಕೊಟ್ಟಿದ್ದು ಒಳ್ಳೆಯದೇ ಆಯಿತು, ಒಂದಿಷ್ಟು ಮಂಡಕ್ಕಿ ತಿಂದು ಹೋಗು ಎಂದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಆ ಮನೆಯನ್ನು ಚೆಂದ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಬಾಡಿಗೆಯೂ ಅಲ್ಲದ, ಸ್ವಂತವೂ ಅಲ್ಲದ ಗೋಡೆಗೆ ಯಾಕಿಷ್ಟು ಒದ್ದಾಟ ಎನ್ನುವುದು ಯಜಮಾನರ ವಾದ. ಮೊಳೆ ಹೊಡೆದರೆ ಗಾರೆ ಹಿಡಿಗಟ್ಟಲೆ ಉದುರುತ್ತದೆ ಎಂದು ಅವರು ಹೇಳುತ್ತಿದ್ದರು, ಅದು ನಿಜವೂ ಆಗಿತ್ತು. ಉದುರಿದ ಜಾಗವನ್ನೆಲ್ಲ ನಾನು ಕ್ಯಾಲೆಂಡರ್ ತೂಗುಹಾಕಿ ಮುಚ್ಚಿದ್ದರಿಂದ ನಮ್ಮ ಮನೆಯಲ್ಲಿ ಒಂದೇ ತಿಂಗಳನ್ನು ಐದಾರು ಕಡೆ ನೋಡಬಹುದಾಗಿತ್ತು. ಇಷ್ಟಾದ ಮೇಲೆ ಮಕ್ಕಳು ಹುಟ್ಟಿದರು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಚೆಂದದ ವಸ್ತುಗಳು ಹೇಗೆ ಬದುಕುತ್ತವೆ ಎಂಬುದನ್ನು ನೀವೂ ಕಂಡಿರುತ್ತೀರಿ. ರಂಜು ಅಂಬೆಗಾಲಿಡುವಾಗ ಟಿ.ವಿ. ಮೇಲಿನ ಕ್ರೋಶಾ ಬಟ್ಟೆ ಬೀರುವಿನ ತಲೆ ಸೇರಿತು. ಅವಳು ನಿಲ್ಲಲು ಕಲಿತಾಗ ಹೂದಾನಿ ಸಜ್ಜದ ಮೇಲೆ ಹೋಯಿತು. ಚೇತು ಹುಟ್ಟಿ ಕುರ್ಚಿ ಹತ್ತುವುದನ್ನು ಕಲಿಯುವ ಹೊತ್ತಿಗೆ ಗಾಜಿನ ನವಿಲು, ಮಣಿಯ ಗಿಳಿ, ನನ್ನ ಮದುವೆಯ ಫೋಟೋ ಎಲ್ಲ ಸೂರಿಗೆ ಹತ್ತಿಕೊಂಡಿದ್ದವು. ಮನೆಗೆ ಬಂದವರು ಗೋಪುರ ನೋಡುವ ಹಾಗೆ ಕತ್ತೆತ್ತಿ ನಮ್ಮ ಮನೆಯ ಅಲಂಕಾರ ನೋಡಬೇಕಾಗಿತ್ತು. ಕೆಳಗಿನ ಅರ್ಧ ಗೋಡೆ ಮಕ್ಕಳದು. ಅಲ್ಲಿ ಇದ್ದಿಲು, ಬಳಪ, ಅರಿಶಿನ, ಹುಳಿಸಾರು, ಏನೇನಿತ್ತೋ ಶಿವನೇ ಬಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಅದೂ ನನಗೆ ಚೆಂದವಾಗಿಯೇ ಕಾಣುತ್ತಿತ್ತು.

ತೊಂದರೆ ಶುರುವಾದದ್ದು ಚೇತು ಹೊಸಿಲು ದಾಟಿ ತಾನೇ ಆಡಲು ಹೋಗುವಂತಾದಾಗ. ಅವನಿಗಿನ್ನೂ ಮೂರು ತುಂಬಿರಲಿಲ್ಲ. ಆಡಿ ಹಸಿವಾದರೆ ಮನೆಗೇನೋ ಬರುತ್ತಿದ್ದ, ಆದರೆ ಯಾರ ಮನೆಗೆ ಎಂಬುದು ಆ ದಿನದ ಅದೃಷ್ಟ. ಕೊಡ ಹೊತ್ತ ತಾಯಿಯೇ ಮನೆ ತಪ್ಪಿದ್ದಳಲ್ಲ, ಮಗನನ್ನು ಏನೆನ್ನುವುದು? ಯಾರದೋ ಮನೆಯಲ್ಲಿ ಉಂಡು, ಯಾರದೋ ಚಾಪೆಯ ಮೇಲೆ ಮಲಗಿ ಬರುತ್ತಿದ್ದ. ಸಾಲಿನವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಒಂದು ದಿನ ನನ್ನ ನಗು ನಿಂತಿತು. ಆ ಮನೆಗಳಲ್ಲಿ ಮುಂಬಾಗಿಲು, ನಡುಮನೆ, ಅಡುಗೆಮನೆ, ಹಿತ್ತಲ ಬಾಗಿಲು ಎಲ್ಲ ಒಂದೇ ನೇರಕ್ಕೆ ಇದ್ದವು. ಹಿತ್ತಲ ಬಾಗಿಲಿನಾಚೆ ಒಂದಿಷ್ಟು ಜಾಲಿ ಗಿಡ, ಅದರಾಚೆ ರೈಲಿನ ಹಳಿ. ನಮ್ಮ ಹಿತ್ತಲ ಬಾಗಿಲಿಗೆ ನಾನು ಸದಾ ಚಿಲಕ ಹಾಕಿರುತ್ತಿದ್ದೆ. ಉಳಿದವರ ಮಕ್ಕಳು ದೊಡ್ಡವರಾಗಿದ್ದರು, ಅವರ ಬಾಗಿಲುಗಳು ಗಾಳಿಗೆ ಬಡಿದುಕೊಳ್ಳುತ್ತ ತೆರೆದೇ ಇರುತ್ತಿದ್ದವು. ಅವತ್ತು ಚೇತು ಯಾರೂ ಇಲ್ಲದ ಮನೆಯೊಂದನ್ನು ಹೊಕ್ಕು, ಅಮ್ಮ ಕಾಣದೆ, ಹಿಂದಿನಿಂದ ಹೊರಬಿದ್ದು ಜಾಲಿ ಗಿಡಗಳ ನಡುವೆ ಅಳುತ್ತ ನಿಂತಿದ್ದ. ಸೌದೆಗೆ ಹೋಗಿದ್ದವರೊಬ್ಬರು ಎತ್ತಿಕೊಂಡು ಬಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಗ ನನ್ನ ಕಣ್ಣು ತಪ್ಪಿಸಿದರೂ ನನ್ನ ಬಾಗಿಲಿಗೇ ಬರಬೇಕು, ಬೇರೆ ಬಾಗಿಲು ಹೊಗಬಾರದು. ಅದೊಂದೇ ಯೋಚನೆ.

ಮರುವಾರವೇ ಸಂತೆಯಲ್ಲಿ ಗಿಳಿಹಸಿರು ಬಟ್ಟೆ ಕೊಂಡು ಬಂದೆ. ಕಣ್ಣಿಗೆ ಹೊಡೆಯುವ ಬಣ್ಣವೇ ಬೇಕಿತ್ತು. ಅಂಚಿಗೆ ಜಾಲರು ಕೊಟ್ಟು, ಮೇಲೆ ಹಿತ್ತಾಳೆ ಬಳೆ ಹೊಲಿದು ಮುಂಬಾಗಿಲಿಗೆ ಪರದೆ ಹಾಕಿದೆ. ಆಮೇಲೆ ಚೇತುವನ್ನು ದಿನಾ ಸಾಲಿನ ಮುಂದಿನ ಬಯಲಿಗೆ ಕರೆದೊಯ್ದು, ನಮ್ಮನೆ ಎಲ್ಲೈತೆ ಎಂದು ಕೇಳುವುದು. ಅವನು ಓಡಿ ಹೋಗಿ ಪರದೆ ಹಿಡಿದುಕೊಂಡರೆ ಒಂದು ಚೂರು ಬೆಲ್ಲ. ಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಪಾಠ ಪಕ್ಕಾ ಆಯಿತು. ಯಜಮಾನರು ಡ್ಯೂಟಿಯಿಂದ ಬಂದವರು ಬಾಗಿಲಲ್ಲಿ ನಿಂತು ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. "ಹಸಿರು ಕೊಟ್ಟೀಯ, ಇನ್ನ ಗಾಡಿ ಸರಿಯಾದ ಲೈನಿಗೇ ಬರ್ತೈತೆ ಬಿಡು" ಎಂದರು. ಗೋಡೆಯ ಬಗ್ಗೆ ಅವರು ತಕರಾರು ಮಾಡದ ದಿನ ಅದೊಂದೇ.

ಪರದೆಗೆ ಸಾಲಿನಲ್ಲೆಲ್ಲ ಹೆಸರು ಬಂತು. ಗಾಳಿಗೆ ಅದು ಹಾರುವಾಗ ಪ್ಲಾಟ್‌ಫಾರ್ಮಿನಿಂದಲೂ ಕಾಣುತ್ತದಂತೆ ಎಂದು ಯಾರೋ ಹೇಳಿದರು. ನಾನಂತೂ ನೀರಿಗೆ ಹೋಗುವಾಗಲೂ ಬರುವಾಗಲೂ ತಿರುತಿರುಗಿ ನೋಡುತ್ತಿದ್ದೆ. ಅದು ಮಗನಿಗೆ ಗುರುತಾಗಲೆಂದು ಹಾಕಿದ್ದು ಎಂಬುದು ನನಗೇ ಮರೆತು, ನಾನು ಭಾರಿ ಕಲೆಗಾರ್ತಿ ಎಂಬುದೊಂದೇ ನೆನಪಿನಲ್ಲಿ ಉಳಿಯಿತು.

ಹೀಗಿರುವಾಗ ಗೌರಮ್ಮನ ಮಗಳು ಸುಧಾಳನ್ನು ನೋಡಲು ಹೊಸದುರ್ಗದ ಕಡೆಯ ಮೇಷ್ಟ್ರೊಬ್ಬರು ಬರುವುದೆಂದಾಯಿತು. ನಮ್ಮ ಸಾಲಿನಲ್ಲಿ ಒಂದು ಪದ್ಧತಿಯಿತ್ತು. ಒಬ್ಬರ ಮನೆಗೆ ಹೆಣ್ಣು ನೋಡಲು ಬಂದರೆ ಉಳಿದ ಮನೆಗಳೆಲ್ಲ ಬೋಳಾಗುತ್ತಿದ್ದವು. ಒಬ್ಬರ ಮನೆಯ ಕುರ್ಚಿ, ಒಬ್ಬರ ಮನೆಯ ಕಪ್ಪು ಬಸಿ, ಇನ್ನೊಬ್ಬರ ಮನೆಯ ಮಂಚದ ಹೊದಿಕೆ ಎಲ್ಲ ಅಲ್ಲಿ ಜಮಾಯಿಸಿ, ಎರಡು ತಾಸು ಆ ಮನೆ ಸಾಹುಕಾರರ ಮನೆಯಾಗುತ್ತಿತ್ತು. ಗೌರಮ್ಮ ನನ್ನ ಬಳಿ ಬಂದು, ಸೆರಗಿನ ತುದಿ ತಿರುವುತ್ತ, ಕೇಳಲೋ ಬೇಡವೋ ಎನ್ನುವಂತೆ ಪರದೆಯ ಮಾತೆತ್ತಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ನಾನೇ ಬಿಚ್ಚಿ, ಇಸ್ತ್ರಿ ಮಾಡಿ, ನಾನೇ ಹೋಗಿ ಅವರ ಬಾಗಿಲಿಗೆ ಕಟ್ಟಿ, ದೂರ ನಿಂತು ನೋಡಿ, ಕೇಸರಿಬಾತು ನಾನೇ ಮಾಡಿಕೊಡುತ್ತೇನೆಂದು ಹೇಳಿ ಮನೆಗೆ ಬಂದೆ. ಮಕ್ಕಳಿಬ್ಬರೂ ಬಯಲಲ್ಲಿ ಆಡುತ್ತಿದ್ದರು.

ರವೆ ಹುರಿದು ಸಕ್ಕರೆ ಹಾಕಿ ತಿರುವುತ್ತಿದ್ದೆ. ರಂಜು ಒಬ್ಬಳೇ ಬಂದು ನೀರು ಕೇಳಿದಳು. ತಮ್ಮ ಎಲ್ಲಿ ಎಂದರೆ, ಅವನು ಆಗಲೇ ಮನೆಗೆ ಬಂದನಲ್ಲ ಎಂದಳು. ತಿರುಗಿ ನಮ್ಮ ಬಾಗಿಲು ನೋಡಿದೆ. ಬೋಳು ಬಾಗಿಲು. ಅಷ್ಟು ದಿನ ಕಲಿಸಿದ ಗುರುತನ್ನು ನನ್ನ ಕೈಯಾರೆ ಬಿಚ್ಚಿ ಕೊಟ್ಟಿದ್ದೇನೆಂಬುದು ಆಗ ತಲೆಗೆ ಹೋಯಿತು. ಸೌಟು ಕೈಯಲ್ಲೇ ಇತ್ತು, ಹಿತ್ತಲ ಚಿಲಕ ತೆಗೆದು ಹಳಿಯ ಕಡೆ ಓಡಿದೆ. ದೂರದಲ್ಲಿ ಗೂಡ್ಸ್ ಗಾಡಿ ಕೂಗುತ್ತಿತ್ತು. ಜಾಲಿ ಗಿಡಗಳ ಸಂದಿಯಲ್ಲೆಲ್ಲ ಹುಡುಕಿದೆ, ಇರಲಿಲ್ಲ. ಅಲ್ಲಿಂದ ಹಿತ್ತಲ ಬಾಗಿಲುಗಳಲ್ಲಿ ಒಂದೊಂದಾಗಿ ಇಣುಕುತ್ತ, ಹೆಸರು ಕೂಗುತ್ತ ಬಂದೆ. ಗೌರಮ್ಮನ ಹಿತ್ತಲಿಗೆ ಬಂದಾಗ ಒಳಗಿನಿಂದ ಅವನ ದನಿ ಕೇಳಿಸಿತು.

ನಡೆದದ್ದನ್ನು ಆಮೇಲೆ ಸುಧಾಳೇ ಹೇಳಿದಳು. ಚೇತು ಬಯಲಿನಿಂದ ಬಂದವನು ಹಸಿರು ಪರದೆ ನೋಡಿದ್ದಾನೆ, ಸರಿಸಿಕೊಂಡು ಒಳಗೆ ನಡೆದಿದ್ದಾನೆ. ಮೈಮೇಲೆ ಒಂದು ಅಂಗಿ ಬಿಟ್ಟರೆ ಬೇರೇನೂ ಇಲ್ಲ. ಅಷ್ಟರಲ್ಲಿ ಬಂದಿದ್ದ ಗಂಡಿನ ಕಡೆಯವರ ಮುಂದೆ ತಲೆ ತಗ್ಗಿಸಿ ಕೂತಿದ್ದ ಸುಧಾಳ ರೇಷ್ಮೆ ಸೆರಗು ಜಗ್ಗಿ, "ಅಮ್ಮಾ, ಅನ್ನ" ಎಂದನಂತೆ.

ಮೇಷ್ಟ್ರ ಸೋದರಮಾವ ಎತ್ತಿದ ಕಪ್ಪನ್ನು ಹಾಗೇ ಕೆಳಗಿಟ್ಟರು. ಸುಧಾ ಮಾತ್ರ ಯಾರ ಮುಖವನ್ನೂ ನೋಡದೆ ಅವನನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋಗಿ, ಮೊಸರನ್ನ ಕಲಸಿ ತಂದು, ಅದೇ ಚಾಪೆಯ ಮೇಲೆ ಕೂತು ತುತ್ತು ಕೊಡತೊಡಗಿದಳು. ಮೇಷ್ಟ್ರ ತಾಯಿ, ಹಣೆ ತುಂಬ ವಿಭೂತಿಯ ಹಿರಿಯ ಹೆಂಗಸು, ಅದನ್ನೆಲ್ಲ ನೋಡುತ್ತಿದ್ದವರು ಚೇತುವನ್ನು ಇದು ಯಾರ ಮನೆಯಪ್ಪ ಎಂದು ಕೇಳಿದರು. ಅವನು ಪರದೆಯ ಕಡೆ ಕೈ ತೋರಿಸಿ ನಮ್ಮನೆ ಎಂದ.

ನಾನು ಕೂದಲು ಬಿಚ್ಚಿಕೊಂಡು, ಸೌಟು ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬಂದದ್ದು ಆ ಗಳಿಗೆಯಲ್ಲಿ. ಮಗನನ್ನು ಕಂಡು ಅಳು ಒತ್ತರಿಸಿ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು.

"ಮಗ ನಂದುರೀ" ಎಂದೆ. "ಪರದೆನೂ ನಂದೇ."

ಆ ತಾಯಿ ಕುರ್ಚಿಗಳನ್ನು ನೋಡಿದರು, ಕಪ್ಪುಗಳನ್ನು ನೋಡಿದರು, ಮಂಚದ ಹೊದಿಕೆಯನ್ನು ನೋಡಿದರು. ಗೌರಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು, ಯಾರೂ ಕೇಳದಿದ್ದರೂ, ಇದು ಇಂಥವರ ಮನೆಯದು, ಅದು ಅಂಥವರದು ಎಂದು ಎಲ್ಲ ಹೇಳಿಬಿಟ್ಟರು. ಸಂಬಂಧ ಮುರಿದಂತೆಯೇ ಎಂದು ನಾನು ಗೋಡೆಗೆ ಒರಗಿ ನಿಂತೆ.

"ಹುಡುಗಿ ಒಬ್ಬಳಾದ್ರೂ ನಿಮ್ಮೋಳೇ ತಾನೆ?" ಎಂದರು ಆ ತಾಯಿ.

"ಹುಡುಗಿ ನಮ್ಮೋಳೇ ಕಣ್ರಿ" ಎಂದರು ಗೌರಮ್ಮ.

"ಅಷ್ಟಾದ್ರೆ ಸಾಕು ಬಿಡ್ರಿ. ಕುರ್ಚಿ ನಮ್ಮನೇಲಿ ಅವೆ."

ಸೋದರಮಾವ ಮತ್ತೆ ಕಪ್ಪು ಎತ್ತಿಕೊಂಡರು. ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಆಮೇಲೆ ಎಲ್ಲರೂ ನಕ್ಕರು. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಕೇಸರಿಬಾತು ತಳ ಹಿಡಿದು ಸೀದು ಹೋಗಿತ್ತು. ಸೀದದ್ದನ್ನು ಬಿಟ್ಟು ಮೇಲಿನದನ್ನು ತೆಗೆದುಕೊಟ್ಟೆ; ಬೀಗರು ಅದನ್ನೂ ಚೆನ್ನಾಗಿದೆ ಎಂದೇ ತಿಂದರು. ಸುಧಾ ಈಗ ಹೊಸದುರ್ಗದಲ್ಲಿ ಸುಖವಾಗಿದ್ದಾಳೆ.

ನಾನು ಇವತ್ತಿಗೂ ನೆನೆಯುವುದು ಅವತ್ತಿನ ಸಂಜೆಯನ್ನು. ನೆಂಟರನ್ನು ಬಸ್ಸು ಹತ್ತಿಸಿ ಬಂದ ಗೌರಮ್ಮ ಸೀರೆ ಕೂಡ ಬದಲಾಯಿಸದೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋದರು. ಎರವಲು ತಂದದ್ದನ್ನು ಹಿಂದಿರುಗಿಸಲು ಹೊರಟರೆಂದುಕೊಂಡೆ. ಅಲ್ಲ. ಪ್ರತಿ ಮನೆಯ ಮುಂದೆಯೂ ನಿಂತು ಒಂದೇ ಮಾತು ಹೇಳುತ್ತಿದ್ದರು: "ಹಿತ್ಲ ಬಾಗ್ಲು ಹಾಕ್ಕಳ್ರಿ, ಹುಡುಗ ಓಡಾಡ್ತಾನೆ." ಅವತ್ತಿನಿಂದ ಆ ಸಾಲಿನ ಒಂದು ಹಿತ್ತಲ ಬಾಗಿಲೂ ತೆರೆದಿದ್ದದ್ದನ್ನು ನಾನು ಕಾಣಲಿಲ್ಲ. ಮಗ ನನ್ನ ಬಾಗಿಲಿಗೇ ಬರಬೇಕೆಂದು ನಾನು ಒದ್ದಾಡಿದ್ದೆ. ಅವರು ಎಲ್ಲ ಬಾಗಿಲುಗಳನ್ನೂ ಅವನವೇ ಮಾಡಿಬಿಟ್ಟರು. ಪರದೆ ನಮ್ಮ ಮನೆಗೆ ಮರಳಿತು, ಆದರೆ ಅದಕ್ಕೆ ಇನ್ನು ಕೆಲಸವಿರಲಿಲ್ಲ. ಚೇತು ತನಗೆ ತೋಚಿದ ಮನೆಗೆ ಹೋಗುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ನಾನು ನಿಶ್ಚಿಂತೆಯಾಗಿ ರವಿಕೆ ಹೊಲಿಯುತ್ತ ಕೂತಿರುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯ ದಿನಗಳು ಬೇರೆ ಬರಲಿಲ್ಲ.

ಕಡೆಗೆ ಅಂಗಡಿಯಲ್ಲಿ ಮಗಳು ಹೇಳಿದ ಕೆನೆ ಬಣ್ಣದ ಬಟ್ಟೆಯನ್ನೇ ಹರಿಸಿಕೊಂಡು ಬಂದೆವು. ಅವಳೂ ಬದುಕಬೇಕಲ್ಲ.

ಹೊಳಲ್ಕೆರೆಯ ಈ ಹೊಸ ಬಡಾವಣೆಯಲ್ಲಿ ಯಾರೂ ಮನೆ ತಪ್ಪುವ ಹಾಗಿಲ್ಲ. ಒಂದು ಮನೆಗೆ ಕಿತ್ತಳೆ ಬಣ್ಣ, ಒಂದಕ್ಕೆ ನೇರಳೆ, ಎಲ್ಲಕ್ಕೂ ಕಾಂಪೌಂಡು, ಎಲ್ಲಕ್ಕೂ ಗೇಟು. ನಮ್ಮದೊಂದಕ್ಕೇ ಹೊರಗಿನ ಬಣ್ಣ ಬಾಕಿ ಉಳಿದಿತ್ತು. ಇವತ್ತು ಬೆಳಿಗ್ಗೆ ಪೇಂಟರ್ ಬಂದ. ಕಾಲೇಜಿಗೆ ಹೊರಟಿದ್ದ ಚೇತು ಮೊಬೈಲಿನಲ್ಲಿ ಯಾವುದೋ ಬೂದು ಬಣ್ಣದ ಮನೆ ತೋರಿಸಿ ಹೋದ. ನಾನು ಜಗುಲಿಯ ಮೇಲೆ ನಿಂತು ನೋಡುತ್ತಿದ್ದೆ. ಪಕ್ಕದ ಮನೆಯವರು ಬಾಡಿಗೆಗೆ ಹೊಸದಾಗಿ ಬಂದವರು. ಅವರ ಎರಡೂವರೆ ವರ್ಷದ ಹುಡುಗಿ ಗೇಟಿನ ಸರಳು ಹಿಡಿದು ನಮ್ಮ ಏಣಿಯನ್ನು ನೋಡುತ್ತಿತ್ತು. ಅವರ ಮನೆಗೆ ತಿಳಿ ಗುಲಾಬಿ ಬಣ್ಣ, ನೋಡಲು ಅಷ್ಟೇನೂ ಚೆಂದವಿಲ್ಲ.

ಯಾವ ಬಣ್ಣವಮ್ಮ ಎಂದು ಪೇಂಟರ್ ಕೇಳಿದ. ಪಕ್ಕದ ಮನೆಗೆ ಹೊಡೆದಿರುವುದನ್ನೇ ಹೊಡೆ ಎಂದೆ.

ನಿವೃತ್ತಿ ಹತ್ತಿರವಾದ ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ಏ, ಎರಡೂ ಮನೆ ಒಂದೇ ಥರ ಆದ್ರೆ ಗುರುತು ಸಿಗೋದು ಹೆಂಗೇ?"

"ಸಿಗೋದು ಬ್ಯಾಡ" ಎಂದೆ.

ಅವರು ನನ್ನನ್ನು ನೋಡಿದರು, ಪಕ್ಕದ ಗೇಟಿನ ಕಡೆ ನೋಡಿದರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ನಮ್ಮ ಗೇಟಿನ ಎರಡೂ ಬಾಗಿಲು ತೆರೆದು, ಗಾಳಿಗೆ ಮುಚ್ಚದಂತೆ ಒಂದೊಂದು ಇಟ್ಟಿಗೆ ಒತ್ತಿಟ್ಟು ಬಂದರು. ನಾನು ಒಳಗೆ ಹೋಗಿ ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ತೊಳೆದಿಟ್ಟೆ.